ಎಡಗಾಲು ಬಲಗಾಲಾಗುವ ದೂರ

ಆಗಸ್ಟ್ 15ರ ಪ್ರಭಾತಫೇರಿ ಬಂತೆಂದರೆ ನಮ್ಮ ಶಾಲೆಯ ಏಳುನೂರು ಮಕ್ಕಳು ಇಬ್ಬಿಬ್ಬರಾಗಿ ಪೇಟೆಬೀದಿಗೆ ಇಳಿಯುತ್ತಿದ್ದೆವು. ಎಲ್ಲರ ಮುಂದೆ ಬಾವುಟ, ಅದರ ಹಿಂದೆ ಎರಡು ಸೈಡ್ ಡ್ರಮ್, ಒಂದು ದೊಡ್ಡ ಡ್ರಮ್, ಕೆನ್ನೆ ಊದಿಸಿಕೊಂಡು ಬ್ಯೂಗಲ್ ಊದುವ ಹತ್ತನೆಯ ತರಗತಿಯ ಹುಡುಗ. ಎತ್ತರ ನೋಡಿ ನಿಲ್ಲಿಸುತ್ತಿದ್ದುದರಿಂದ ಗಳುವಿನಂತೆ ಬೆಳೆದಿದ್ದ ನಾನು ಸಾಲಿನ ಬಾಲದಲ್ಲಿ. ಡ್ರಿಲ್ ಮೇಷ್ಟ್ರು ಮೋರಿಯ ಕಟ್ಟೆ ಹತ್ತಿ ನಿಂತು ಇಡೀ ಸಾಲನ್ನು ಕಣ್ಣಳತೆಯಲ್ಲಿ ನೋಡುವರು. ಅಷ್ಟೇ, ಸೈಕಲ್ ಹತ್ತಿ ಸೀದಾ ನಮ್ಮ ಹತ್ತಿರ ಬರುವರು. “ಲೇ, ಮುಂದಿನವರೆಲ್ಲ ಎಡಗಾಲು ಇಡ್ತಿದ್ರೆ ನಿಮ್ದು ಬಲಗಾಲು! ಕಿವಿ ಮನೇಲಿ ಬಿಟ್ಟು ಬಂದಿದ್ದೀರೇನ್ರೋ?” ಮೀನಖಂಡಕ್ಕೆ ಬೆತ್ತದ ರುಚಿಯೂ ಸಿಗುತ್ತಿತ್ತು.

ಕಿವಿ ಮನೆಯಲ್ಲಿರಲಿಲ್ಲ, ಡ್ರಮ್ಮಿನ ಮೇಲೇ ಇತ್ತು. ಅದೇ ತಪ್ಪಾದದ್ದು ಎಂದು ಲೆಕ್ಕ ಹಾಕಿ ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಕವಾಯತಿನ ‘ತೇಜ್ ಚಲ್’ ಎಂದರೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಅಂಗುಲ. ಗುಣಿಸಿದರೆ 3,600 ಅಂಗುಲ, ಸರಿಯಾಗಿ 100 ಗಜ. ಮೂರು ನಿಮಿಷದ ಒಂದು ಮಾರ್ಚ್ ಮುಗಿಯುವಷ್ಟರಲ್ಲಿ ಪಲ್ಟನ್ನು 300 ಗಜ ಸಾಗಿರುತ್ತದೆ. ಮಾರ್ಚ್ ಸಂಗೀತದ ತಾಳವೆಲ್ಲ ಇಷ್ಟೇ: ಒಂದು ಪೆಟ್ಟಿಗೆ ಎಡಗಾಲು, ಇನ್ನೊಂದಕ್ಕೆ ಬಲಗಾಲು, ನಡುವೆ ಅರ್ಧ ಸೆಕೆಂಡು. ಆದಿತಾಳ, ರೂಪಕ, ಝಂಪೆ ಎಂದು ಹಂಚಿಕೊಳ್ಳಲು ಮನುಷ್ಯನಿಗೆ ಇರುವುದೇ ಎರಡು ಕಾಲು.

ಇನ್ನು ಸದ್ದಿನ ನಡಿಗೆ. ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅರ್ಧ ಸೆಕೆಂಡಿಗೆ 170. ನಮ್ಮ ಏಳುನೂರು ಮಕ್ಕಳೆಂದರೆ 350 ಜೋಡಿ. ಜೋಡಿಗೆ ಅರ್ಧ ಮೀಟರ್ ಹಿಡಿದರೆ ಸಾಲು 175 ಮೀಟರ್ ಉದ್ದ. ಮುಂದೆ ಎಡಗಾಲಿಗೆ ಬಿದ್ದ ‘ಧಂ’ ಬಾಲದ ನಮ್ಮನ್ನು ಮುಟ್ಟುವ ಹೊತ್ತಿಗೆ ಡ್ರಮ್ಮಿನ ಹುಡುಗ ಬಲಗಾಲು ಇಟ್ಟಾಗಿರುತ್ತಿತ್ತು. ಪಾಪದ ಹುಡುಗರು ಕೇಳಿದ್ದಕ್ಕೆ ನಿಷ್ಠೆಯಿಂದ ಎಡಗಾಲನ್ನೇ ಇಡುತ್ತಿದ್ದೆವು. ಸಾಲಿನ ನಡುವೆ, 85 ಮೀಟರಿನ ಆಸುಪಾಸಿನಲ್ಲಿದ್ದವರ ಕಾಲು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಮೇಷ್ಟ್ರಿಗೆ ಕಂಡದ್ದು ಬೆಳಕಿನ ವೇಗದಲ್ಲಿ, ನಮಗೆ ಕೇಳಿದ್ದು ಸದ್ದಿನ ವೇಗದಲ್ಲಿ.

ಎಲ್ಲ ಪಡೆಗಳೂ 120ಕ್ಕೇ ನಡೆಯುವುದಿಲ್ಲ. ಫ್ರಾನ್ಸಿನ ಫಾರಿನ್ ಲೀಜನ್ ನಿಮಿಷಕ್ಕೆ 88 ಹೆಜ್ಜೆ. ಅದಕ್ಕೇ ಜುಲೈ 14ರ ಪ್ಯಾರಿಸ್ ಪಥಸಂಚಲನದಲ್ಲಿ ಕಾಲ್ನಡಿಗೆಯವರ ಕೊನೆಗೆ ಅವರ ಸರದಿ. ಬ್ರಿಟನ್ನಿನ ಲೈಟ್ ಇನ್‌ಫೆಂಟ್ರಿ 140. ಇಟಲಿಯ ಬೆರ್ಸಲಿಯೆರಿಗಳು ಟೋಪಿಯಲ್ಲಿ ಗರಿ ಸಿಕ್ಕಿಸಿಕೊಂಡು 180ರ ಆಸುಪಾಸಿನಲ್ಲಿ ಓಡುತ್ತಾರೆ, ಅವರ ಬ್ಯಾಂಡ್ ಓಡುತ್ತಲೇ ತುತ್ತೂರಿ ಊದುತ್ತದೆ. ಬಸ್ಸಿಗೆ ಓಡಿ ಹತ್ತಿದ ಮೇಲೆ ‘ಒಂದು ಟಿಕೆಟ್ ಕೊಡಿ’ ಎನ್ನಲೂ ಉಸಿರಿಲ್ಲದವರಿಗೆ ಇದರ ಬೆಲೆ ಗೊತ್ತು.

ಊದುವ ವಾದ್ಯಗಳ ದೊಡ್ಡ ಮೇಳ ಕಟ್ಟಿದವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಅರ್ಧ ಸೆಕೆಂಡಿಗೆ ತಲೆ ಚಚ್ಚಿಕೊಂಡವರೇ. ಬಯಲಿನಲ್ಲಿ ಪಿಟೀಲು ಹತ್ತು ಮಾರಿಗೆ ಸತ್ತುಹೋಗುತ್ತದೆ, ಹಿತ್ತಾಳೆ ಸಾಯುವುದಿಲ್ಲ. ಆದರೆ 1800ರ ಸುಮಾರಿನ ಹಿತ್ತಾಳೆ ತುತ್ತೂರಿಗೆ ಬರುತ್ತಿದ್ದುದು ನಮ್ಮ ಬ್ಯೂಗಲ್ ಹುಡುಗನಿಗೆ ಬರುತ್ತಿದ್ದಷ್ಟೇ ಸ್ವರ. 1810ರ ದಶಕದಲ್ಲಿ ಜರ್ಮನಿಯಲ್ಲಿ ವಾಲ್ವ್ ಹುಟ್ಟಿದ ಮೇಲೆ ಒಂದೇ ಕೊಳವೆ ಎಲ್ಲ ಸ್ವರಗಳನ್ನೂ ಹಿಡಿಯತೊಡಗಿತು. ಪ್ರಷ್ಯದ ಸೈನ್ಯದ ಬ್ಯಾಂಡುಗಳನ್ನು ಹೊಸದಾಗಿ ಕಟ್ಟಿದ ವಿಲ್‌ಹೆಲ್ಮ್ ವೀಪ್ರೆಖ್ಟ್, ವಾದ್ಯ ತಯಾರಕ ಮೋರಿಟ್ಸ್ ಜೊತೆಗೂಡಿ 1835ರಲ್ಲಿ ಬಾಸ್ ಟ್ಯೂಬಾಕ್ಕೆ ಪೇಟೆಂಟ್ ಪಡೆದ. ಮೂರೇ ವರ್ಷಕ್ಕೆ, 1838ರ ಮೇ ತಿಂಗಳಲ್ಲಿ, ರಷ್ಯದ ತ್ಸಾರ್ ಬರ್ಲಿನ್ನಿಗೆ ಬಂದಾಗ ಒಂದು ಸಾವಿರ ಊದುವವರನ್ನೂ 200 ಡೋಲಿನವರನ್ನೂ ಒಟ್ಟಿಗೆ ನಿಲ್ಲಿಸಿ ನುಡಿಸಿದ.

ಪ್ಯಾರಿಸ್ಸಿನಲ್ಲಿ ರಚನಕಾರ ಬೆರ್ಲಿಯೋಜ್‌ಗೆ ಅಷ್ಟು ಜನ ಸಿಗಲಿಲ್ಲ. 1830ರ ಜುಲೈ ಕ್ರಾಂತಿಯಲ್ಲಿ ಸತ್ತವರ ಅಸ್ಥಿಗಳನ್ನು ಹತ್ತು ವರ್ಷದ ಮೇಲೆ ಬಾಸ್ತಿಯ್ ಚೌಕಕ್ಕೆ ಸಾಗಿಸುವ ಮೆರವಣಿಗೆಗೆಂದು ಅವನು ಬರೆದ ಸಿಂಫನಿಗೆ 200 ಮಂದಿ ಊದುವವರು. 1840ರ ಜುಲೈ 28ರ ಬಿಸಿಲಿನಲ್ಲಿ ಕೋಲಿನ ಬದಲು ಕತ್ತಿ ಹಿಡಿದು, ಮೇಳಕ್ಕೆ ಮುಖಮಾಡಿ ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ ತಾಳ ತೋರಿಸಿದ. ಕೊನೆಯ ಭಾಗ ಬರುವ ಹೊತ್ತಿಗೆ ನಿಂತು ನಿಂತು ಬೇಸತ್ತ ನ್ಯಾಷನಲ್ ಗಾರ್ಡ್ ಪಡೆ ತನ್ನ ಡೋಲು ಬಡಿಯುತ್ತ ಹೊರಟೇಬಿಟ್ಟಿತು. ಇನ್ನೂರು ಜನರ ಉಸಿರು ಆ ಡೋಲಿನಡಿ ಮುಚ್ಚಿಹೋಯಿತು. ಬೆರ್ಲಿಯೋಜ್ ಇದನ್ನು ತನ್ನ ಆತ್ಮಕತೆಯಲ್ಲಿ ಹಲ್ಲು ಕಚ್ಚಿಕೊಂಡೇ ಬರೆದಿದ್ದಾನೆ.

ಇವರಿಬ್ಬರನ್ನೂ ಮಕ್ಕಳಾಟ ಮಾಡಿಬಿಟ್ಟವನು ಪ್ಯಾಟ್ರಿಕ್ ಗಿಲ್ಮೋರ್. ಐರ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ಬ್ಯಾಂಡ್ ಕಟ್ಟಿದ ಆಸಾಮಿ. ಅಲ್ಲಿನ ಅಂತರ್ಯುದ್ಧ ಮುಗಿದ ಸಂತೋಷಕ್ಕೆಂದು 1869ರ ಜೂನ್‌ನಲ್ಲಿ ಬಾಸ್ಟನ್ನಿನಲ್ಲಿ ಐದು ದಿನದ ಶಾಂತಿ ಉತ್ಸವ ನಡೆಸಿದ. ವಾದ್ಯದವರು 1,000. ಹಾಡುವವರು 10,000. ವರ್ದಿಯ ಒಪೆರಾದ ಅಡಿಗಲ್ಲಿನ ಹಾಡು ಬಂದಾಗ ಕೆಂಪಂಗಿಯ 100 ಮಂದಿ ಅಗ್ನಿಶಾಮಕರು ನಿಜವಾದ ಅಡಿಗಲ್ಲುಗಳ ಮೇಲೆ ನಿಜವಾದ ಸುತ್ತಿಗೆ ಬಡಿದರು. ಹೊರಗೆ ಫಿರಂಗಿಗಳು, ವಿದ್ಯುತ್ ತಂತಿ ಎಳೆದು, ಒಳಗಿನ ಗುಂಡಿ ಒತ್ತಿದರೆ ತಾಳಕ್ಕೆ ಸರಿಯಾಗಿ ಹಾರುವ ಏರ್ಪಾಡು. ಶಾಂತಿಗಾಗಿ ಫಿರಂಗಿ ಹಾರಿಸುವ ವಿಚಾರದಲ್ಲಿ ಯಾರಿಗೂ ವಿಚಿತ್ರವೇನೂ ಕಾಣಲಿಲ್ಲವಂತೆ.

ಇದಕ್ಕೆಂದೇ ಕಟ್ಟಿದ ಮರದ ಸಭಾಂಗಣ ಸುಮಾರು 500 ಅಡಿ ಉದ್ದ, 300 ಅಡಿ ಅಗಲ. 500 ಅಡಿ ಎಂದರೆ 150 ಮೀಟರಿಗೂ ಚೂರು ಹೆಚ್ಚು. ನಮ್ಮ ಪ್ರಭಾತಫೇರಿಯ ಸಾಲಿಗಿಂತ ಕೊಂಚ ಗಿಡ್ಡ. ಅಂದರೆ ಒಂದು ತುದಿಯ ಸದ್ದು ಇನ್ನೊಂದು ತುದಿಗೆ ಮುಟ್ಟಲು ಹೆಚ್ಚುಕಡಿಮೆ ಅದೇ ಅರ್ಧ ಸೆಕೆಂಡು. ಗಿಲ್ಮೋರ್ ಹೆದರಿದನೇ? ಮೂರು ವರ್ಷ ಬಿಟ್ಟು, 1872ರಲ್ಲಿ, ಇನ್ನೂ ದೊಡ್ಡ ಕಟ್ಟಡ ಕಟ್ಟಿಸಿ ಜನರನ್ನು ಎರಡರಿಂದ ಗುಣಿಸಿದ: ವಾದ್ಯದವರು 2,000, ಹಾಡುವವರು 20,000, ಜೂನ್ 17ರಿಂದ ಜುಲೈ 4ರವರೆಗೆ ಹದಿನೆಂಟು ದಿನ. ವಿಯೆನ್ನಾದಿಂದ ಯೋಹಾನ್ ಸ್ಟ್ರಾಸ್‌ನನ್ನು ಕರೆಸಿದ. ಎತ್ತರದ ಅಟ್ಟಣೆ ಹತ್ತಿ ನಿಂತ ಸ್ಟ್ರಾಸ್‌ಗೆ ಕೊಟ್ಟದ್ದು ನೂರು ಮಂದಿ ಉಪ ಕಂಡಕ್ಟರುಗಳನ್ನು. ಬಸ್ಸಿನವರಲ್ಲ, ಕೋಲು ಹಿಡಿದು ತಾಳ ತೋರಿಸುವವರು. ಅವನ ಕೋಲು ನೋಡಿ ಈ ನೂರು ಜನ, ಈ ನೂರು ಜನರನ್ನು ನೋಡಿ ಮಿಕ್ಕವರು. ಕಿವಿಯನ್ನು ನಂಬಿ ಕೆಟ್ಟ ನಮಗೆ ಮೇಷ್ಟ್ರು ಹೇಳಿಕೊಡದೇ ಹೋದ ಉಪಾಯ ಇದೇ, ಕಣ್ಣನ್ನು ನಂಬುವುದು. ಆದರೂ ಸ್ಟ್ರಾಸ್‌ನ ಕೋಲು ಕಂಡದ್ದು ಹತ್ತಿರದವರಿಗಷ್ಟೇ. ಫಿರಂಗಿ ಹಾರಿತು, ಅದೇ ಸೂಚನೆಯೆಂದು ಎಲ್ಲರೂ ಶುರುಮಾಡಿದರು. ಒಟ್ಟಿಗೆ ಮುಗಿಸಿದರೆ ಸಾಕಪ್ಪಾ ಎಂಬುದೊಂದೇ ತನ್ನ ಚಿಂತೆಯಾಗಿತ್ತೆಂದು ಆಮೇಲೆ ಸ್ಟ್ರಾಸ್ ಹೇಳಿಕೊಂಡ.

ಆ ಉತ್ಸವದಲ್ಲಿ ನನಗೆ ಅಂಕಿಗಳಿಗಿಂತ ಹೆಚ್ಚು ಹಿಡಿಸಿದ್ದು ಅತಿಥಿಗಳ ಪಟ್ಟಿ. 1867ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ದೇಶದೇಶಗಳ ಮಿಲಿಟರಿ ಬ್ಯಾಂಡುಗಳಿಗೆ ಸ್ಪರ್ಧೆ ಇಟ್ಟಿದ್ದರು. ಮೊದಲ ಬಹುಮಾನವನ್ನು ಪ್ರಷ್ಯ, ಆಸ್ಟ್ರಿಯ, ಫ್ರಾನ್ಸ್ ಹಂಚಿಕೊಂಡವು. ಮೂರು ವರ್ಷಕ್ಕೆ ಪ್ರಷ್ಯಕ್ಕೂ ಫ್ರಾನ್ಸಿಗೂ ಘೋರ ಯುದ್ಧ. ಅದು ಮುಗಿದ ಮರುವರ್ಷವೇ ಗಿಲ್ಮೋರ್ ಎರಡೂ ಕಡೆಯ ಬ್ಯಾಂಡುಗಳನ್ನು ಬಾಸ್ಟನ್ನಿನ ಒಂದೇ ಸೂರಿನಡಿ ಕೂರಿಸಿದ. ಜೊತೆಗೆ ಲಂಡನ್ನಿನ ಗ್ರೆನೇಡಿಯರ್ ಗಾರ್ಡ್ಸ್ ಬ್ಯಾಂಡೂ ಬಂತು. ಕೆಂಪು ಕೋಟಿನವರ ಮೇಲೆ ದಂಗೆಯೆದ್ದ ಊರು ಅವರಿಗೆ ಚಪ್ಪಾಳೆ ತಟ್ಟಿತು.

ಗಿಲ್ಮೋರ್ ಸತ್ತದ್ದು 1892ರ ಸೆಪ್ಟೆಂಬರ್ 24ರಂದು. ಎರಡು ದಿನ ಕಳೆದು, 26ರಂದು, ನ್ಯೂಜೆರ್ಸಿಯ ಪ್ಲೇನ್‌ಫೀಲ್ಡಿನಲ್ಲಿ ಜಾನ್ ಫಿಲಿಪ್ ಸೂಸಾ ತನ್ನ ಸ್ವಂತ ಬ್ಯಾಂಡಿನ ಮೊದಲ ಕಚೇರಿಯನ್ನು ಗಿಲ್ಮೋರನದೇ ಒಂದು ರಚನೆಯಿಂದ ಶುರುಮಾಡಿದ. ಗಿಲ್ಮೋರ್ ಜನರನ್ನು ಗುಡ್ಡೆ ಹಾಕಿ ಬೆರಗು ಹುಟ್ಟಿಸಿದರೆ ಸೂಸಾ ದಿನಗಳನ್ನು ಗುಡ್ಡೆ ಹಾಕಿದ. ಆ ಬ್ಯಾಂಡ್ 1892ರಿಂದ 1931ರವರೆಗೆ ಕೊಟ್ಟ ಕಚೇರಿಗಳು 15,623. ಮೂವತ್ತೊಂಬತ್ತು ವರ್ಷಕ್ಕೆ ಫೆಬ್ರವರಿ 29ಗಳನ್ನೂ ಸೇರಿಸಿದರೆ 14,243 ದಿನ. ಭಾನುವಾರ, ಹಬ್ಬ, ಜ್ವರ, ರಜೆ, ಹಡಗಿನಲ್ಲಿ ಕಳೆದ ವಾರಗಳು, ಯಾವುದನ್ನೂ ಕಳೆಯದೆ ಲೆಕ್ಕ ಹಾಕಿದರೂ ದಿನಕ್ಕೆ ಒಂದಕ್ಕಿಂತ ಹೆಚ್ಚು ಕಚೇರಿ! ಮಧ್ಯಾಹ್ನ ಒಂದು ಊರು, ಸಂಜೆ ಇನ್ನೊಂದು ಊರು, ನಡುವೆ ರೈಲು. ನಮ್ಮ ಯಕ್ಷಗಾನ ಮೇಳಗಳ ತಿರುಗಾಟ ಕಂಡವರಿಗೆ ಈ ಬದುಕಿನ ವಾಸನೆ ಗೊತ್ತಿರುತ್ತದೆ. ಆದರೆ ಮಳೆಗಾಲದಲ್ಲಿ ಮೇಳಕ್ಕೆ ಗೆಜ್ಜೆ ಬಿಚ್ಚುವ ಅವಕಾಶವಾದರೂ ಇದೆ.

ಸೂಸಾ ಬರೆದ ಮಾರ್ಚ್‌ಗಳು 136. ಜನ ಅವನನ್ನು ‘ಮಾರ್ಚ್ ರಾಜ’ ಎಂದರು. ತಮಾಷೆಯೆಂದರೆ ಅವನ ಬ್ಯಾಂಡ್ ಆ ನಾಲ್ಕು ದಶಕದಲ್ಲಿ ಬೀದಿಯಲ್ಲಿ ನಡೆದದ್ದು ಏಳೆಂಟೇ ಸಲ. ಮಿಕ್ಕಂತೆ ಎಲ್ಲವೂ ಕುರ್ಚಿಯ ಮೇಲೆ. ಅವನ ಹೆಸರು ಹೊತ್ತ ಸೂಸಾಫೋನ್ ಕೂಡ ಹುಟ್ಟಿದ್ದು ಬೀದಿಗಲ್ಲ, ವೇದಿಕೆಗೆ. ಮೊದಮೊದಲು ಅದರ ಬಾಯಿ ಆಕಾಶಕ್ಕೆ ತೆರೆದಿರುತ್ತಿತ್ತು, ಅದಕ್ಕೇ ಅದನ್ನು ಮಳೆ ಹಿಡಿಯುವ ಪಾತ್ರೆ ಎಂದು ಗೇಲಿ ಮಾಡುತ್ತಿದ್ದರು.

1889ರ ‘ವಾಷಿಂಗ್ಟನ್ ಪೋಸ್ಟ್’ ಮಾರ್ಚನ್ನು ಅವನು ಪ್ರಕಾಶಕನಿಗೆ ಮಾರಿದ್ದು 35 ಡಾಲರಿಗೆ. ಅದು ಅಮೆರಿಕ, ಯುರೋಪು ಎರಡೂ ಕಡೆ ಜನರನ್ನು ಕುಣಿಸಿತು, ದುಡ್ಡೆಲ್ಲ ಪ್ರಕಾಶಕನಿಗೆ. ಕೈ ಸುಟ್ಟುಕೊಂಡ ಮೇಲೆ ಬುದ್ಧಿ ಬಂತು. 1896ರ ಕ್ರಿಸ್‌ಮಸ್ ಸಮಯ, ತನ್ನ ಮ್ಯಾನೇಜರ್ ಸತ್ತ ಸುದ್ದಿ ಕೇಳಿ ಯುರೋಪಿನಿಂದ ಟ್ಯುಟಾನಿಕ್ ಹಡಗಿನಲ್ಲಿ ಮರಳುತ್ತಿದ್ದಾಗ, ಡೆಕ್ ಮೇಲೆ ಅಡ್ಡಾಡುತ್ತ ತಲೆಯೊಳಗೆ ಒಂದು ಮಾರ್ಚ್ ಪೂರ್ತಿ ಕೇಳಿಸಿಕೊಂಡ. ದಡ ಸೇರಿದ ಮೇಲೆ ಬರೆದಿಟ್ಟ. ಅದೇ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’. ಕೊನೆಯಲ್ಲಿ ಪುಟ್ಟ ಪಿಕೊಲೊ ಕೊಳಲು ಎಲ್ಲರ ನೆತ್ತಿಯ ಮೇಲೆ ಹಾರಾಡುತ್ತದಲ್ಲ, ಅದು. ಈ ಒಂದರ ಗೌರವಧನವೇ ಸೂಸಾನ ಜೀವಮಾನದಲ್ಲಿ ಮೂರು ಲಕ್ಷ ಡಾಲರ್ ದಾಟಿತೆನ್ನುತ್ತಾರೆ. ಆದರೆ ಮೊದಲ ಮಹಾಯುದ್ಧ ಬಂದಾಗ ಅರವತ್ತು ದಾಟಿದ ಇದೇ ಮನುಷ್ಯ ನೌಕಾಪಡೆ ಸೇರಿ ಹುಡುಗರ ಬ್ಯಾಂಡಿಗೆ ಪಾಠ ಹೇಳಿದ. ಸಂಬಳ ಹೆಸರಿಗೆ ಒಂದು ಡಾಲರ್.

‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ ಮಾರ್ಚನ್ನು ಅಮೆರಿಕದ ಸರ್ಕಸ್ ಬ್ಯಾಂಡುಗಳು ಸುಮ್ಮನೆ ನುಡಿಸುತ್ತಿರಲಿಲ್ಲ. ಆನೆ ಮದವೇರಿದರೆ, ಗುಡಾರಕ್ಕೆ ಗಾಳಿ ಹೊಕ್ಕರೆ, ಬೆಂಕಿ ಬಿದ್ದರೆ ಮಾತ್ರ. ಕೇಳಿದ ಕೂಡಲೇ ಸರ್ಕಸ್ಸಿನ ಸಿಬ್ಬಂದಿಗೆ ಅರ್ಥವಾಗಬೇಕು: ಏನೋ ಅನಾಹುತ, ಜನರನ್ನು ಹೊರಗೆ ಕಳಿಸಿ. 1944ರ ಜುಲೈ 6ರ ಮಧ್ಯಾಹ್ನ ಹಾರ್ಟ್‌ಫರ್ಡ್ ಊರಿನ ಗುಡಾರದಲ್ಲಿ ಸುಮಾರು 7,000 ಜನ ಕೂತಿದ್ದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಮಳೆ ನೀರು ಸೋರದಿರಲೆಂದು ಬಟ್ಟೆಗೆ ಬಳಿದದ್ದು ಪೆಟ್ರೋಲಿನಲ್ಲಿ ಕರಗಿಸಿದ ಮೇಣ. ಕಿಡಿ ಕಂಡದ್ದೇ ಬ್ಯಾಂಡ್ ಮಾಸ್ಟರ್ ಮೆರ್ಲ್ ಇವಾನ್ಸ್ ನುಡಿಯುತ್ತಿದ್ದುದನ್ನು ತುಂಡರಿಸಿ ಇದನ್ನು ಎತ್ತಿಕೊಂಡ. ಮೇಲಿನಿಂದ ಉರಿಯುವ ಮೇಣ ತೊಟ್ಟಿಕ್ಕುತ್ತಿತ್ತು. ಗುಡಾರದ ಕಂಬಗಳು ಬೀಳತೊಡಗುವವರೆಗೂ ಅವರು ಊದಿದರು. ಹತ್ತು ನಿಮಿಷದೊಳಗೆ ಗುಡಾರ ಇರಲಿಲ್ಲ. ಸತ್ತವರು 160ಕ್ಕೂ ಹೆಚ್ಚು. ಏಳು ಸಾವಿರದಲ್ಲಿ ಮಿಕ್ಕವರು ಹೊರಬಿದ್ದರು. ಕಾಲು ಎತ್ತಿ ಹಾಕಿಸಲೆಂದೇ ಹುಟ್ಟಿದ ಸಂಗೀತಕ್ಕೆ ಇದಕ್ಕಿಂತ ನೇರವಾದ ಕೆಲಸ ಇನ್ನೆಲ್ಲೂ ಬಿದ್ದಿರಲಾರದು.

ನಮ್ಮ ಕಡೆ ಎಲ್ಲರ ಕಿವಿಯಲ್ಲಿರುವ ಮಾರ್ಚ್ ಬೇರೆ. ‘ಬ್ರಿಜ್ ಆನ್ ದ ರಿವರ್ ಕ್ವಾಯ್’ ಸಿನಿಮಾದಲ್ಲಿ ಕೈದಿಗಳು ಶಿಳ್ಳೆ ಹೊಡೆಯುತ್ತ ಬರುತ್ತಾರಲ್ಲ, ಆ ‘ಕರ್ನಲ್ ಬೋಗಿ’. ಬರೆದದ್ದು 1914ರಲ್ಲಿ, ಆಲ್ಫರ್ಡ್ ಎಂಬ ಗುಪ್ತನಾಮದಲ್ಲಿ ಫ್ರೆಡರಿಕ್ ರಿಕೆಟ್ಸ್. ಹದಿನಾಲ್ಕರ ವಯಸ್ಸಿಗೇ ಬ್ಯಾಂಡಿನ ಹುಡುಗನಾಗಿ ಐರಿಷ್ ರೆಜಿಮೆಂಟ್ ಸೇರಿ ಇಂಡಿಯಾಕ್ಕೂ ಬಂದಿದ್ದವನು. ಆ ಮಾರ್ಚಿನ ಅಚ್ಚು ಪ್ರತಿಗಳೇ ಹತ್ತು ಲಕ್ಷ ಮೀರಿ ಮಾರಾಟವಾದವು.

ಇಂಥ ರೆಜಿಮೆಂಟುಗಳು ಬಿಟ್ಟುಹೋದ ಹಿತ್ತಾಳೆಯೇ ನಮ್ಮ ಮದುವೆ ದಿಬ್ಬಣಗಳ ಬ್ಯಾಂಡ್‌ಸೆಟ್. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ಬ್ಯಾಂಡೂ ಇಂಗ್ಲಿಷ್ ಬ್ಯಾಂಡೂ ಇದ್ದವು. ಈಗಲೂ ದಸರೆಗೆ ಪೊಲೀಸ್ ಬ್ಯಾಂಡುಗಳ ಸಮೂಹ ವಾದ್ಯಮೇಳ ಅರಮನೆಯ ಅಂಗಳದಲ್ಲಿ ನಡೆಯುತ್ತದೆ. ಒಮ್ಮೆ ದಸರಾ ಮೆರವಣಿಗೆ ಯಾಕೋ ನಿಂತಾಗ ಸೂಸಾಫೋನ್ ಹೊತ್ತವರೊಬ್ಬರು ನನ್ನಿಂದ ಎರಡು ಮಾರು ದೂರದಲ್ಲಿದ್ದರು. ಅಷ್ಟು ಹತ್ತಿರದಿಂದ ನೋಡಿದರೆ ಅದು ವಾದ್ಯವಲ್ಲ, ಮನುಷ್ಯನನ್ನು ಸುತ್ತಿಕೊಂಡ ಹೆಬ್ಬಾವು. ಭುಜದ ಮೇಲೆ ನಾಲ್ಕು ಮಡಿಕೆ ಹಾಕಿದ ಟವಲ್ಲು. ಕೊಳವೆ ತಾಗಿದ ಕಡೆ ಅಂಗಿ ಬೆವರಿಗೆ ಕಪ್ಪಾಗಿತ್ತು. ಒಂದು ಪುಟ್ಟ ಕೀಲಿ ಒತ್ತಿ ಉಸಿರು ಬಿಟ್ಟರು. ರಸ್ತೆಯ ಮೇಲೆ ಪಿಚಕ್ಕನೆ ನೀರು ಬಿತ್ತು, ಇನ್ನೊಂದು ಕಡೆ ಕಳಚಿ ಅಲುಗಿಸಿದಾಗ ಇನ್ನಷ್ಟು. ಬೆಳಗಿನಿಂದ ಊದಿದ ಉಸಿರೆಲ್ಲ ತಣಿದು ನೀರಾಗಿ ಕೊಳವೆಯಲ್ಲಿ ನಿಂತಿತ್ತು. “ಭಾರ ಎಷ್ಟಿರಬಹುದು ಸಾರ್?” ಎಂದೆ. “ಬೆಳಿಗ್ಗೆ ಹತ್ತು ಕೆಜಿ, ಸಂಜೆ ಐವತ್ತು” ಎಂದು ನಕ್ಕರು.

ಆ ಹೆಬ್ಬಾವನ್ನು ಬಿಚ್ಚಿ ನೇರ ಮಾಡಿದರೆ 18 ಅಡಿ. ಟ್ರೊಂಬೋನ್ 9, ಟ್ರಂಪೆಟ್ ನಾಲ್ಕೂವರೆ. ಪಿಕೊಲೊ ಒಂದು ಅಡಿಗಿಂತ ಚೂರು ಹೆಚ್ಚು. ಹದಿನೆಂಟು ಅಡಿಯ ಕೊಳವೆಯ ತಳದ ಸ್ವರ ಸೆಕೆಂಡಿಗೆ 29 ಕಂಪನ, ಅಂದರೆ ಗಾಳಿಯಲ್ಲಿ ಅದರ ಒಂದೊಂದು ಅಲೆ 11 ಮೀಟರಿಗೂ ಉದ್ದ, ಸಾರಿಗೆ ಸಂಸ್ಥೆಯ ಒಂದು ಕೆಂಪು ಬಸ್ಸಿನಷ್ಟು. ಪಿಕೊಲೊದ ನೆತ್ತಿಯ ಸ್ವರದ ಅಲೆ ಬೆರಳುದ್ದ. ಒಂದೇ ಬ್ಯಾಂಡ್ ನಮ್ಮ ಕಿವಿಗೆ ಬೆರಳನ್ನೂ ಬಸ್ಸನ್ನೂ ಒಟ್ಟಿಗೇ ತೂರಿಸುತ್ತಿರುತ್ತದೆ.

ಇಷ್ಟೆಲ್ಲ ಬಣ್ಣ ಇರುವಾಗ ಬರೀ ಮಾರ್ಚ್ ಯಾಕೆ ಎಂದು ಕೇಳಿದವರಲ್ಲಿ ಗುಸ್ತಾವ್ ಹೋಲ್ಸ್ಟ್ ಒಬ್ಬ. 1909ರಲ್ಲೇ ಅವನು ಮಿಲಿಟರಿ ಬ್ಯಾಂಡಿಗೆಂದು ಒಂದು ಗಂಭೀರ ಕೃತಿ ಬರೆದ. ದಾಖಲೆಯಲ್ಲಿ ಸಿಗುವ ಅದರ ಮೊದಲ ಪ್ರದರ್ಶನ 1920ರಲ್ಲಿ, ಲಂಡನ್ ಬಳಿಯ ನೆಲರ್ ಹಾಲ್ ಮಿಲಿಟರಿ ಸಂಗೀತ ಶಾಲೆಯಲ್ಲಿ, 165 ಮಂದಿಯಿಂದ. ಅಲ್ಲಿಂದ ಸಂಖ್ಯೆ ಇಳಿಯಿತು. 1952ರಲ್ಲಿ ಅಮೆರಿಕದ ಈಸ್ಟ್‌ಮನ್ ಸಂಗೀತ ಶಾಲೆಯ ಫ್ರೆಡರಿಕ್ ಫೆನೆಲ್ ಒಂದೊಂದು ಸ್ವರಸಾಲಿಗೆ ಒಬ್ಬರೇ ಸಾಕು ಎಂದು ಲೆಕ್ಕ ಹಾಕಿ ನಲವತ್ತೈದು ಮಂದಿಯ ಆಸುಪಾಸಿನ ಮೇಳ ಕಟ್ಟಿ, ಇದಕ್ಕೆ ಬರೆದುಕೊಡಿ ಎಂದು ಜಗತ್ತಿನ ಸುಮಾರು 400 ರಚನಕಾರರಿಗೆ ಪತ್ರ ಹಾಕಿದ. ಗಿಲ್ಮೋರನ ಎರಡು ಸಾವಿರದ ಮುಂದೆ ನಲವತ್ತೈದು! ಆದರೆ ಅವರೆಲ್ಲ ಕೂತದ್ದು ಹತ್ತು ಹದಿನೈದು ಮೀಟರಿನೊಳಗೆ. ಅರ್ಧ ಸೆಕೆಂಡಿನ ಪೀಡೆ ಅಲ್ಲಿಗೆ ತೊಲಗಿತು. ಸೋವಿಯತ್ ಟ್ಯಾಂಕುಗಳು ತನ್ನ ಹುಟ್ಟೂರಿಗೆ ನುಗ್ಗಿದ್ದನ್ನು ಅಮೆರಿಕದಲ್ಲಿ ಕೂತು ರೇಡಿಯೊದಲ್ಲಿ ಕೇಳಿದ ಕಾರೆಲ್ ಹೂಸಾ ಇಂಥ ಮೇಳಕ್ಕೇ ‘ಮ್ಯೂಸಿಕ್ ಫಾರ್ ಪ್ರಾಗ್ 1968’ ಬರೆದ. ಅದು 7,000ಕ್ಕೂ ಹೆಚ್ಚು ಸಲ ನುಡಿದಿದೆಯಂತೆ. ಫಿರಂಗಿಯ ಮೋಹ ಮಾತ್ರ ಹೋಗಲಿಲ್ಲ. ಜಾನ್ ಕೊರಿಲಿಯಾನೊನ ‘ಸರ್ಕಸ್ ಮ್ಯಾಕ್ಸಿಮಸ್’ 2005ರಲ್ಲಿ ಕಾರ್ನೆಗಿ ಹಾಲಿನಲ್ಲಿ ಮೊಳಗಿದಾಗ ವಾದ್ಯಗಾರರು ಕೇಳುಗರ ಸುತ್ತಲೂ ಹರಡಿದ್ದರು, ಕೊನೆಯ ಸ್ವರ ಬಂದೂಕಿನದು. ಸ್ಟ್ರಾಸ್‌ನದು ಗುಂಡು ಹಾರಿದ ಮೇಲೆ ಶುರು, ಇದು ಗುಂಡು ಹಾರಿದ ಮೇಲೆ ಮುಕ್ತಾಯ.

ಸಂಖ್ಯೆ ಎಲ್ಲಿಗೆ ಹೋಯಿತು ಎಂದರೆ ಜಪಾನಿಗೆ. ಅಲ್ಲಿನ ಅಖಿಲ ಜಪಾನ್ ಬ್ಯಾಂಡ್ ಸಂಘದಲ್ಲಿ 2010ರ ದಶಕದಲ್ಲಿ ಸದಸ್ಯತ್ವ ಪಡೆದಿದ್ದ ಬ್ಯಾಂಡುಗಳೇ 14,000ದ ಆಸುಪಾಸು, ಹೆಚ್ಚಿನವು ಶಾಲೆಗಳವು. ಬ್ಯಾಂಡಿಗೆ ನಲವತ್ತು ಮಕ್ಕಳೆಂದು ಹಿಡಿದರೂ ಐದೂವರೆ ಲಕ್ಷ ಜನ ಊದುತ್ತಿದ್ದರು. 1940ರಲ್ಲಿ ಶುರುವಾದ ಅವರ ಸ್ಪರ್ಧೆ ಊರು, ಜಿಲ್ಲೆ, ವಲಯ ದಾಟಿ ಶರತ್ಕಾಲದ ಅಂತಿಮ ಸುತ್ತಿಗೆ ಬರುತ್ತದೆ. ಹೈಸ್ಕೂಲಿನ ದೊಡ್ಡ ವಿಭಾಗದಲ್ಲಿ ವೇದಿಕೆಗೆ ಹೆಚ್ಚೆಂದರೆ 55 ಮಂದಿ. ಕಡ್ಡಾಯ ಕೃತಿ ಒಂದು, ತಮ್ಮ ಆಯ್ಕೆಯದು ಒಂದು. ಎರಡೂ ಸೇರಿ 12 ನಿಮಿಷ. ಮೀರಿದರೆ ಅನರ್ಹ. ಇಡೀ ವರ್ಷದ ಅಭ್ಯಾಸ ಆ ಹನ್ನೆರಡು ನಿಮಿಷಕ್ಕೆ. ಮಾರ್ಚಿನ ಲೆಕ್ಕದಲ್ಲಿ 1,440 ಹೆಜ್ಜೆ. ಬೂಟು ತೊಟ್ಟ ಸಿಪಾಯಿ ಅಷ್ಟರಲ್ಲಿ 1,200 ಗಜ ಹೋಗಿರುತ್ತಾನೆ.

ಬಹಳ ವರ್ಷ ಈ ಅಂತಿಮ ಸುತ್ತು ನಡೆಯುತ್ತಿದ್ದುದು ಟೋಕಿಯೊದ ಫುಮೊನ್ ಸಭಾಂಗಣದಲ್ಲಿ, ಸುಮಾರು 5,000 ಆಸನ, ಕಪ್ಪು ನೆಲದ ವೇದಿಕೆ. ಭೂಕಂಪಕ್ಕೆ ತಾಳಿಕೊಳ್ಳದೆಂದು ಅದನ್ನು ಮುಚ್ಚಿದರು. ಕೆಡವುವ ಮುಂಚೆ, 2018ರ ನವೆಂಬರಿನಲ್ಲಿ, ಒಂದು ವಾರ ಬಾಗಿಲು ತೆರೆದಿಟ್ಟು ಯಾರು ಬೇಕಾದರೂ ಬಂದು ವೇದಿಕೆ ಹತ್ತಬಹುದು, ವಾದ್ಯ ತಂದರೆ ನುಡಿಸಲೂಬಹುದು ಎಂದರು. ಸಾವಿರಾರು ಜನ ಬಂದರು. ಒಂದು ಕಾಲದಲ್ಲಿ ಅಲ್ಲಿ ನುಡಿಸಿದವರೂ, ವಲಯದ ಸುತ್ತಿನಲ್ಲೇ ಸೋತು ಆ ನೆಲವನ್ನು ಎಂದೂ ಮೆಟ್ಟದೇ ಹೋದವರೂ.